ಏಳು ತ್ರಿಕೋನ

ಅಪ್ಪಾ,

ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾಳೆ ಅಮ್ಮ. ಇವತ್ತು ನನ್ನ ಕೈಲಿ ಅದು ಆಗುತ್ತಿಲ್ಲ.

ಸಂಜೆ ತಮ್ಮ ತನ್ನ ಮಗಳನ್ನು ಕರೆದೊಯ್ಯಲು ನಾನು ಕಲಿಸುವ ಶಿಶುವಿಹಾರಕ್ಕೆ ಬಂದಿದ್ದ. ಪುಟ್ಟಿ ಇನ್ನೂ ಚಾಪೆಯ ಮೇಲೆ ಕೂತು, ರಟ್ಟಿನ ಆಕಾರಗಳನ್ನು ಎಣಿಸಿ, ಪಕ್ಕದಲ್ಲಿ ಸರಿಯಾದ ಅಂಕಿಯ ಕಾರ್ಡು ಇಡುತ್ತಿದ್ದಳು. "ಅಪ್ಪಾ, ತ್ರಿಕೋನ ನೀನೇ ಎಣಿಸು" ಎಂದಳು.

ಅವನು ಒಂದು ತ್ರಿಕೋನವನ್ನು ಎರಡು ಸಲ ಮುಟ್ಟಿ ಎಂಟರ ಕಾರ್ಡು ಇಟ್ಟ. "ಅಯ್ಯೋ, ತಪ್ಪು!" ಎಂದು ಪುಟ್ಟಿ ಚಪ್ಪಾಳೆ ತಟ್ಟಿ ನಕ್ಕಳು.

ಮೀಸೆ ಹೊತ್ತ ಗಂಡಸು, ತಟ್ಟನೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಆ ಕೈ ಯಾರ ಮರದ ಸ್ಕೇಲಿಗೆ ಹೆದರಿದ್ದು ಅಂತ ನಿನಗೆ ಬಿಡಿಸಿ ಹೇಳಬೇಕೇ? ಮನೆಗೆ ಬಂದವರೆದುರೆಲ್ಲ ಅವನನ್ನು "ನಮ್ಮ ದಡ್ಡ ಶಿಖಾಮಣಿ" ಎಂದು ಪರಿಚಯಿಸಿ ನಗುತ್ತಿದ್ದೆಯಲ್ಲ.

"ಕೈ ಕೊಡಪ್ಪ. ಎಣಿಸಿದ್ದನ್ನ ಈ ಕಡೆ ಸರಿಸ್ತಾ ಹೋಗು, ಆಗ ಲೆಕ್ಕ ತಪ್ಪಲ್ಲ" ಎಂದು ಪುಟ್ಟಿ ಅವನ ಬೆರಳು ಹಿಡಿದಳು. ಇಬ್ಬರೂ ಒಂದೊಂದಾಗಿ ಸರಿಸಿ ಏಳು ಎಣಿಸಿದರು. ಕಾರ್ಡನ್ನು ಅವನೇ ಬದಲಿಸಿದ.

"ಇಷ್ಟೇನಾ ಅಕ್ಕ?" ಎಂದು ನನ್ನನ್ನು ಕೇಳಿದ.

ಇಷ್ಟೇ ಅಪ್ಪಾ. ಊರ ಮಕ್ಕಳಿಗೆಲ್ಲ ಲೆಕ್ಕದ ಮೇಷ್ಟ್ರಾಗಿದ್ದವನು ನೀನು. ಇದು ಗೊತ್ತಿರಲಿಲ್ಲ ಅಂತ ಬೇರೆ ಯಾರಿಗಾದರೂ ಹೇಳು, ನನಗೆ ಹೇಳಬೇಡ.

ಚಪ್ಪಲಿ ಮೆಟ್ಟುತ್ತಾ ಅವನು, "ಅಪ್ಪ ಇದ್ದಿದ್ರೆ ಪುಟ್ಟೀನ ನೋಡಿ ಎಷ್ಟು ಖುಷಿ ಪಡ್ತಿದ್ದ" ಎಂದ. ನಿನ್ನನ್ನು ನೆನೆದು ಅವನ ಕಣ್ಣು ತುಂಬಿತ್ತು. ನನಗೆ ಸಹಿಸಲಾಗದೇ ಇರುವುದು ಅದೇ.