ಕಾಯಿಸಿಟ್ಟ ಎಂಜಿನ್

ಬೆಟಗೇರಿ,
೪ ಡಿಸೆಂಬರ್ ೧೯೫೬

ಗೋಪಣ್ಣ ಮಾವನವರಿಗೆ ನಮಸ್ಕಾರ.

ಇಲ್ಲ ಮಾವ, ಎಂಜಿನ್ ಕೆಡಿಸಿದ್ದು ಡ್ರೈವರ್ ಮೌಲಾಸಾಬ ಅಲ್ಲ. ಹೋದ ಪತ್ರದಲ್ಲಿ ನಾನು ಬರೆದದ್ದು ಸುಳ್ಳು. ಅದನ್ನು ನಂಬಿ ನೀವು ಅವನನ್ನು ತೆಗೆಯಲು ಹೇಳಿದಿರಿ, ನಾನು ತೆಗೆದೂಬಿಟ್ಟೆ.

ಲಕ್ಷ್ಮೇಶ್ವರದಲ್ಲಿ ಕೊಳ್ಳಲು ಹೋದಾಗ ಆ ಹಳೆಯ ಡೀಸೆಲ್ ಲಾರಿ ಒಂದೇ ಸಲಕ್ಕೆ ಚಾಲೂ ಆಯಿತು. ಮಗ್ಗದ ಸಪ್ಪಳದಲ್ಲೇ ಅದರ ಕುಂದು ಹಿಡಿಯುವ ಮನೆತನ ನಮ್ಮದು. ಕಣ್ಣು ಮುಚ್ಚಿ ಕೇಳಿದೆ, ಒಂದು ಪೆಟ್ಟೂ ತಪ್ಪಲಿಲ್ಲ. ಮೌಲಾಸಾಬ ಮಾತ್ರ ಎಂಜಿನ್ ಮುಟ್ಟಿ ನೋಡಿದ.

“ಸಣ್ಣ ಸಾವಕಾರ್ರ, ನಾವು ಬರೂದ್ರೊಳಗ ಇದನ್ನ ಕಾಯಿಸಿ ಇಟ್ಟಾರ. ಸವದ ಎಂಜಿನ್ ಬಿಸಿ ಇದ್ದಾಗಷ್ಟ ಏಳತೈತಿ. ರಾತ್ರಿ ತಣ್ಣಗಾಗ್ಲಿ. ನಾಳೆ ಮುಂಜಾನೆ ಚಾಲೂ ಮಾಡಿಸಿದ್ರ ಬಣ್ಣ ಬಯಲಾಗತೈತಿ.”

ಮರುದಿನ ಕನ್ನಡ ರಾಜ್ಯ ಒಂದಾಗುವ ಮೆರವಣಿಗೆ. ಲಾರಿಗೆ ತೋರಣ ಕಟ್ಟಿ ಮುಂದೆ ಕೂಡುವ ಅವಸರ ನನಗೆ.

“ನಿನ್ನ ಕೈಗಿಂತ ನನ್ನ ಕಿವಿ ಭೇಷಿ ಐತಿ, ಸುಮ್ನಿರಪಾ,” ಎಂದು ಲಾರಿ ಮಾಲಕನೆದುರು ನಕ್ಕೆ. ಆಗಲೇ ದುಡ್ಡು ಎಣಿಸಿಕೊಟ್ಟು ಲಾರಿ ಊರಿಗೆ ತಂದೆ.

ಬೆಳಗಾದರೆ ನಾಲ್ಕು ಮಂದಿ ನೂಕಿದರೂ ಲಾರಿ ಏಳಲಿಲ್ಲ. ಹದಿನೈದು ದಿನದೊಳಗೆ ಎಂಜಿನ್ ಪೂರಾ ಕೂತಿತು.

ಕೆಲಸ ಬಿಡಿಸಿದಾಗ ಮೌಲಾಸಾಬ, “ಹೊಸ ಡ್ರೈವರ್‌ಗ ಹೇಳ್ರಿ, ಬ್ರೇಕ್ ಎಡಕ್ಕ ಎಳೀತೈತಿ,” ಎಂದು ಕೀಲಿ ಕೊಟ್ಟು ಹೋದ. ಎಂಜಿನ್ ಕೆಡಿಸಿದವನೆಂದು ಗದಗಿನಲ್ಲಿ ಈಗ ಯಾರೂ ಅವನ ಕೈಗೆ ಗಾಡಿ ಕೊಡುತ್ತಿಲ್ಲ.

ಮುಂಡರಗಿಯ ನಿಮ್ಮ ಗಾಡಿಗೆ ಅವನನ್ನು ಕರೆದುಕೊಳ್ಳಿ. ನನ್ನ ಕೈಕೆಳಗೆ ಅವನು ಬರಲಾರ. ತಪ್ಪು ನನ್ನದೆಂದು ನಿಮ್ಮ ಪೇಟೆಯಲ್ಲಿ ಹೇಳಿರಿ. ಇಲ್ಲಿ ನಾನೇ ಹೇಳುತ್ತೇನೆ, ಮೊದಲು ಅವನ ಮನೆಯಲ್ಲಿ. ತಡಮಾಡಿದರೆ ಧೈರ್ಯ ಉಳಿಯಲಾರದು. ಪತ್ರ ಟಪಾಲಿಗೆ ಹಾಕಿ ಹಾಗೇ ಹೋಗುತ್ತೇನೆ. ಇಗೋ, ಹೊರಟೆ.

ನಿಮ್ಮ ಅಳಿಯ,
ಕಲ್ಲಣ್ಣ