ಅಂಗೈ ಮೇಲಿನ ಹನಿ

ಯವ್ವಾ,

ನೀನು ತೀರಿಹೋಗಿ ವರ್ಷವಾದರೂ ಸಿಟ್ಟು ಹೇಳಿಕೊಳ್ಳಲು ನೀನೇ ಬೇಕು. ಇವತ್ತು ನನ್ನ ಉಪವಾಸ ಮುರಿಯಿತು. ನಿನ್ನಂತೆ ನಾನೂ ದೇವರಿಗೆ ಒಪ್ಪಿಸಿಕೊಳ್ಳಬೇಕೆಂದು ಮಾನ್ವಿಯ ಪ್ರಾರ್ಥನಾ ಮಂದಿರದಲ್ಲಿ ಮೂರು ದಿನ ಬರೀ ನೀರು ಕುಡಿದು ಕೂತಿದ್ದೆ. ಮುಗಿಯಲು ಒಂದೇ ತಾಸು ಇತ್ತು. ಎಲ್ಲರ ಊಟಕ್ಕೆ ಸಾರು ಕುದಿಸುತ್ತಿದ್ದವಳು, ಹಾಳು ರೂಢಿ, ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿಬಿಟ್ಟೆ.

ಪಾಸ್ಟರ್ ಹೆಂಡತಿ ಎಸ್ತೇರಮ್ಮ ನೋಡಿದಳು. "ಉಪ್ಪು ನೋಡಾಕ ಹುಡುಗ್ರನ್ನ ಕರೀಬೇಕಿತ್ತಲ್ಲ ತಂಗಿ. ಇನ್ನ ಉಪಾಸ ಮೊದಲಿಂದ ಹಿಡಿ."

ನನಗೆ ಗೊತ್ತಿಲ್ಲದ್ದೇ? ಗಬ್ಬೂರಿನ ಮನೆಯಲ್ಲಿ ಪ್ರತಿ ಶುಕ್ರವಾರ ನೀನು ಹಸಿದುಕೊಂಡೇ ನಮಗೆ ಅಡುಗೆ ಮಾಡಿ, "ಉಪ್ಪು ನೋಡು ಬಾರವ್ವ" ಎಂದು ನನ್ನನ್ನು ಕರೆಯುತ್ತಿದ್ದೆ. ಒಮ್ಮೆ ನಾನು ಮೊಬೈಲಿನಿಂದ ತಲೆ ಎತ್ತದೆ, "ನೀನ ನೋಡ್ಕೋ ಬೇ. ಒಂದು ಹನಿಗೆ ನಿನ್ನ ದೇವರೇನು ಓಡಿ ಹೋಗಾಂಗಿಲ್ಲ" ಅಂದೆ. ನೀನು ನೋಡಲಿಲ್ಲ. ಸಾರು ಸಪ್ಪೆ ಎಂದು ನಾನು ತಟ್ಟೆ ತಳ್ಳಿದೆ. ಮರುದಿನ ನೀನು ಅದೇ ಸಾರು ಬಿಸಿ ಮಾಡಿಕೊಂಡು ಉಪವಾಸ ಬಿಟ್ಟೆ.

ಒಂದು ಹನಿಗೆ ದೇವರು ಓಡಿ ಹೋಗುತ್ತಾನೇನು ಎಂದು ಎಸ್ತೇರಮ್ಮನನ್ನು ಕೇಳಲು ಬಾಯಿ ತೆರೆದೆ. ಕೇಳುವ ಬದಲು ಉಪ್ಪು ನೋಡಲು ಹುಡುಗರನ್ನು ಕರೆದೆ.

ನಾಳೆ ಮತ್ತೆ ಮೊದಲನೇ ದಿನ.