ಆಯುಧಪೂಜೆಯ ದಿನ ಹಿಂದಕ್ಕೆ ಹೋದ ಕಾರು

ಭಾವ,

ಕಾಗದ ಬರೆಯುವುದು ನನಗೆ ಒಗ್ಗದ ಕೆಲಸ ಅಂತ ನಿಮಗೆ ಗೊತ್ತು. ತುಮಕೂರಿನಿಂದ ಕುಣಿಗಲ್ಲಿಗೆ ಬಸ್ಸಿಲ್ವೇನ್ಲಾ, ಬಂದು ಹೇಳು ಅನ್ನುತ್ತಿದ್ದಿರಿ. ಈಗ ಯಾವ ಬಸ್ಸು ಹತ್ತಲಿ? ನೀವು ಹೋಗಿ ಮೂರು ತಿಂಗಳಾಯಿತು. ಗ್ಯಾರೇಜಿನ ಬಾಗಿಲು ತೆಗೆಯುತ್ತೇನೆ, ಗಾಡಿ ಬಿಚ್ಚುತ್ತೇನೆ, ಹೊತ್ತಾದರೆ ಉಣ್ಣುತ್ತೇನೆ. ನಿಮಗೆ ಮಣ್ಣು ಹಾಕುವಾಗಲೂ ನನಗೆ ಅಳು ಬರಲಿಲ್ಲ. ನೆಂಟರೆಲ್ಲ ಗಟ್ಟಿ ಮನುಷ್ಯ ಅಂದುಕೊಂಡರು. ಜೋಮು ಹಿಡಿದ ಕಾಲಿನ ಹಾಗಿದ್ದೇನೆ ಅಷ್ಟೇ, ಗಿಲ್ಲಿದರೂ ಗೊತ್ತಾಗುವುದಿಲ್ಲ.

ಗುಬ್ಬಿಯ ಕೊಬ್ಬರಿ ಮಂಡಿ ಸಾಹುಕಾರರ ಕಪ್ಪು ಕಾರು ನೆನಪಾಗುತ್ತದೆ. ಹನ್ನೆರಡು ವರ್ಷ ನೀವು ಓಡಿಸಿದ್ದು. ಪೆಟ್ರೋಲಿನ ರೇಟು ಏರಿದಾಗ ಸಾಹುಕಾರರು ಅದರ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಹಾಕಿಸಿದರು. ಕೂರಿಸಿದವನು ನಾನೇ. ಅಂದಿನಿಂದ ಗಾಡಿ ಮೈಯೆಲ್ಲ ನಡುಗತೊಡಗಿತು. "ಏನ್ಲಾ ಗ್ರೀಸ್ ಮಂತ್ರಿ, ಕಾರು ಕೊಟ್ರೆ ರಾಗಿ ಮಿಲ್ ಮಾಡಿ ಕೊಟ್ಟಿದೀಯಲ್ಲ. ನಾನಿನ್ನೂ ನಿಟ್ಟೂರಲ್ಲಿದ್ರೆ ಇದ್ರ ಸದ್ದು ಕೇಳಿ ಗುಬ್ಬೀಲಿ ಸಾಹುಕಾರ್ರು ಊಟಕ್ಕೆ ಎಲೆ ಹಾಕ್ಸ್ತಾರೆ" ಅಂದಿದ್ದಿರಿ. ಆ ನಡುಕಕ್ಕೆ ಸ್ಟೇರಿಂಗ್ ಪಕ್ಕದ ಗೇರ್ ರಾಡು ವರ್ಷ ಕಳೆಯುವುದರೊಳಗೆ ಸಡಿಲವಾಯಿತು. ರಾಡು ತಿರುಗುವ ಜಾಗದಲ್ಲಿ ಉಂಗುರದಷ್ಟು ಚಿಕ್ಕ ಬುಶ್ ಇರುತ್ತದಲ್ಲ, ಅದು ಸವೆದಿತ್ತು. ಮೊದಲ ಗೇರಿಗೂ ರಿವರ್ಸಿಗೂ ಬೆರಳಗಲದ ವ್ಯತ್ಯಾಸ. ನೀವು ಕೈಯ ಅಂದಾಜಿನಲ್ಲೇ ಸಂಭಾಳಿಸುತ್ತಿದ್ದಿರಿ.

ಆಯುಧಪೂಜೆಯ ಹಿಂದಿನ ದಿನ ನೀವು ಕಾರು ತಂದು ನಿಲ್ಲಿಸಿದಿರಿ, ನೆನಪಿದೆಯಾ? ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹಬ್ಬಕ್ಕೆ ಎಲ್ಲರಿಗೂ ಗಾಡಿ ಬೇಕು. "ಬುಶ್ ಬದಲಾಯ್ಸ್ಬುಡು, ನಾಳೆ ಪೂಜೆ" ಅಂದು ನೀವು ಹೂವು ತರಲು ಹೋದಿರಿ. ಅಂಗಡಿಯಲ್ಲಿ ಬುಶ್ ಇರಲಿಲ್ಲ, ಬೆಂಗಳೂರಿನಿಂದ ಬರಬೇಕಿತ್ತು. ನಾನು ಹಳೇ ಚಪ್ಪಲಿಯ ಚರ್ಮ ಕತ್ತರಿಸಿ, ಗ್ರೀಸಿನಲ್ಲಿ ಅದ್ದಿ, ಆ ಜಾಗಕ್ಕೆ ತುರುಕಿದೆ. ಅಂಥ ಕೆಲಸ ನಾವೆಲ್ಲ ಮಾಡುತ್ತೇವೆ, ಎರಡು ದಿನ ತಡೆಯುತ್ತದೆ. ತಪ್ಪು ಅದಲ್ಲ. ನೀವು ಬಂದು "ಹೊಸದು ಹಾಕಿದ್ಯೇನ್ಲಾ?" ಅಂತ ಕೇಳಿದಾಗ "ಹೂಂ ಭಾವ" ಅಂದುಬಿಟ್ಟೆ. ಯಾಕೆ ಹಾಗಂದೆ? ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಗ್ರೀಸ್ ಮಂತ್ರಿ ಚಪ್ಪಲಿ ಮಂತ್ರಿಯಾದ ಅಂತ ಅವರೆದುರು ನೀವು ನಗುತ್ತೀರಿ ಅಂತ...

ಮಾರನೆಯ ದಿನದ್ದನ್ನು ನಾನು ನೋಡಲಿಲ್ಲ, ನೀವೇ ಹೇಳಿದ್ದು. ಮಂಡಿಯ ಮುಂದೆ ಕಾರಿಗೆ ಹೂವಿನ ಹಾರ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆದರು. ನೀವು ಕೈಮುಗಿದು ಮೊದಲ ಗೇರು ಹಾಕಿ ಕ್ಲಚ್ ಬಿಟ್ಟಿರಿ. ಕಾರು ಹಿಂದಕ್ಕೆ ಹೋಯಿತು. ನಿಂಬೆಹಣ್ಣುಗಳನ್ನು ಇದ್ದಲ್ಲೇ ಬಿಟ್ಟು, ಹಿಂದೆ ಪೂಜೆಗೆ ಇಟ್ಟಿದ್ದ ತಕ್ಕಡಿಗೆ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾಗಿದ್ದರೂ ಜನ ಅಷ್ಟು ಬೆಚ್ಚಿಬೀಳುತ್ತಿರಲಿಲ್ಲವೇನೋ. "ಹಬ್ಬದ ದಿನ ಹಿಂದಕ್ಕೆ ಹೋಯ್ತಲ್ಲಪ್ಪ ಗಾಡಿ" ಅಂತ ಸಾಹುಕಾರರ ತಾಯಿ ಜಗುಲಿಯ ಮೇಲೆ ಕೂತುಬಿಟ್ಟರಂತೆ. ಗುಂಪಿನಲ್ಲಿ ಯಾರೋ "ಬೆಳಿಗ್ಗೇನೇ ಹಾಕ್ಕೊಂಡ್ ಬಂದವ್ನೆ" ಅಂದರಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಜೀವಮಾನದಲ್ಲಿ ಹೆಂಡದಂಗಡಿಯ ನೆರಳು ತುಳಿಯದ ನಿಮಗೆ. ಸಂಜೆಯೊಳಗೆ ಸಾಹುಕಾರರು ಕೀ ಇಸಿದುಕೊಂಡರು.

ನಾಲ್ಕು ದಿನ ಬಿಟ್ಟು ಸಾಹುಕಾರರು ಹೊಸ ಡ್ರೈವರ್ ಜೊತೆ ಗ್ಯಾರೇಜಿಗೆ ಬಂದರು. ಬಾನೆಟ್ ಮೇಲೆ ಕೈಯಿಟ್ಟು ಕೇಳಿದರು. "ನಿಜ ಹೇಳಪ್ಪ, ಗೇರಲ್ಲಿ ಏನಾದ್ರೂ ದೋಷ ಇತ್ತಾ? ಇದ್ರೆ ಅವನನ್ನೇ ಕರ್ಕೋತೀನಿ." ಅಷ್ಟು ಸಲೀಸಾಗಿ ಕೇಳಿದರು ಭಾವ. ನಾನು "ಇಲ್ಲ ಸ್ವಾಮಿ, ಚೆನ್ನಾಗೇ ಇತ್ತು" ಅಂದೆ. ಅವರು ಹೋಟೆಲಿಗೆ ಹೋದಾಗ ರಾಡು ಬಿಚ್ಚಿದೆ. ಚರ್ಮ ಕಾವಿಗೆ ಮುದುಡಿ ಒಂದು ಕಡೆ ಜರುಗಿ, ರಾಡನ್ನು ರಿವರ್ಸಿನ ಕಡೆಗೆ ವಾಲಿಸಿತ್ತು. ಅಷ್ಟೊತ್ತಿಗೆ ಬೆಂಗಳೂರಿನಿಂದ ಬುಶ್ ಬಂದಿತ್ತು. ಹಾಕಿದೆ, ಅಳತೆ ನೋಡಿ ಸರಿಯಾಗಿ ಕೂರಿಸಿದೆ. ನನ್ನ ಕೈಯಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಆಗಿಲ್ಲ. ಹೊಸ ಡ್ರೈವರ್ ಕೈಯಲ್ಲಿ ಆ ಗೇರು ಒಮ್ಮೆಯೂ ತಪ್ಪಲಿಲ್ಲ. ಅದೇ ನಿಮ್ಮ ಮೇಲೆ ಸಾಕ್ಷಿಯಾಯಿತು. ನೋಡಿ, ಗಾಡಿ ಅದೇ, ಗೇರು ಅದೇ ಅಂತ ಗುಬ್ಬಿಯವರೆಲ್ಲ ಮಾತಾಡಿಕೊಂಡರು.

ಆಮೇಲೆ ಗುಬ್ಬಿಯಲ್ಲಿ ನಿಮಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಅಕ್ಕನನ್ನು ಕರೆದುಕೊಂಡು ಕುಣಿಗಲ್ಲಿಗೆ ಹೋಗಿ ಅಕ್ಕಿ ಗಿರಣಿಯ ಗೇಟು ಕಾಯುವ ಕೆಲಸಕ್ಕೆ ಸೇರಿದಿರಿ. ಒಂದು ಭಾನುವಾರ ಕೆರೆ ಏರಿಯ ಮೇಲೆ ನಾವಿಬ್ಬರೇ ಕೂತಿದ್ದೆವು. ನಿಮ್ಮ ಎಡಗೈ ಗಾಳಿಯಲ್ಲಿ ಆಡುತ್ತಿತ್ತು, ಫಸ್ಟು, ಸೆಕೆಂಡು, ಮತ್ತೆ ಫಸ್ಟು. "ಬುಶ್ ಹೊಸದೇ ಅಲ್ವೇನ್ಲಾ?" ಅಂತ ಇನ್ನೊಂದು ಸಲ ಕೇಳಿದಿರಿ. "ಹೊಸದೇ ಭಾವ" ಅಂದೆ. "ಹಂಗಾದ್ರೆ ನನ್ ಕೈಯೇ ತಪ್ಪಿದ್ದು ಬುಡು" ಅಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಂದೆ. ಮುಂದಿನ ಸಲ ಹೇಳೋಣ, ಹಬ್ಬ ಕಳೆಯಲಿ, ಅಕ್ಕ ಎದುರಿಗಿಲ್ಲದಾಗ ಹೇಳೋಣ ಅಂತ ಮೂರು ವರ್ಷ ತಳ್ಳಿದೆ. ಒಂದು ಬೆಳಿಗ್ಗೆ ನೀವು ಗಿರಣಿಯ ಗೇಟಿನ ಹತ್ತಿರವೇ ಎದೆ ಹಿಡಿದುಕೊಂಡು ಕುಸಿದಿರಿ ಅಂತ ಸುದ್ದಿ ಬಂತು.

ನಿಮ್ಮ ಕೈ ತಪ್ಪಿರಲಿಲ್ಲ ಭಾವ. ಇಷ್ಟನ್ನು ಬರೆಯಲು ಇಷ್ಟುದ್ದ ಸುತ್ತಿ ಬಂದೆ. ನೀವು ಹಾಕಿದ್ದು ಫಸ್ಟೇ.

ಹೋದ ಭಾನುವಾರ ಕುಣಿಗಲ್ಲಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಮುಗಿಸುವವರೆಗೂ ಸುಲಿದಳು. ಆಮೇಲೆ ಕೇಳಿದಳು.

"ಅವತ್ತೇ ಒಪ್ಕೊಂಡಿದ್ರೆ ಸಾಹುಕಾರ್ರು ನಿನ್ನ ಏನ್ ಮಾಡ್ತಿದ್ರೋ? ಗ್ಯಾರೇಜ್ ಮುಚ್ಚಿಸ್ತಿದ್ರಾ?"

"ಇಲ್ಲಕ್ಕ."

"ಪೊಲೀಸ್ಗೆ ಹೇಳ್ತಿದ್ರಾ?"

"ಇಲ್ಲ. ಬೈಯ್ತಿದ್ರು."

"ಅಷ್ಟೇನಾ?"

"ಅಷ್ಟೇ."

ಅವಳು ಸುಲಿದ ಕಾಳನ್ನು ಪಾತ್ರೆಗೆ ಸುರಿದಳು. "ಬೈಸ್ಕೋಬೇಕಿತ್ತು ಕಣೋ" ಅಂದಳು. ನನಗೆ ಎಲೆ ಹಾಕಿದಳು, ಬಡಿಸಿದಳು, ತಾನು ಕೂರಲಿಲ್ಲ.

ಬರುವ ಸೋಮವಾರ ಗುಬ್ಬಿ ಸಂತೆ. ಮಂಡಿಯ ಮುಂದೆ ಜನ ತುಂಬಿರುತ್ತಾರೆ, ಡ್ರೈವರುಗಳೂ ಇರುತ್ತಾರೆ. ಅವರೆಲ್ಲರ ಎದುರಿಗೆ ಸಾಹುಕಾರರಿಗೆ ಹೇಳುತ್ತೇನೆ ಅಂತ ಅಕ್ಕನಿಗೆ ಮಾತು ಕೊಟ್ಟು ಹೊರಟೆ. ಬಾಗಿಲವರೆಗೂ ಬಂದ ಅವಳು, "ನಾನೂ ಬರ್ತೀನಿ" ಅಂದಳು.

ನೀನ್ಯಾಕಕ್ಕ ಅಷ್ಟು ದೂರ ಅಂದೆ.

"ನೀನು ಪೂರ್ತಿ ಹೇಳ್ತೀಯೋ ಇಲ್ವೋ ನೋಡ್ಬೇಕು" ಅಂದಳು.